ಬೆಟ್ಟ ಹತ್ತಿ ಕೆರೆ ಕಡೆ ಇಳಿಯೋಣ: ಸರ್ಕಾರಿ ಬಸ್ಸಿನಲ್ಲಿ ಚಾರಣ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

"ಕಾರಿಲ್ಲ, ಬೈಕಿಲ್ಲ, ಇನ್ನು ಬೆಟ್ಟಕ್ಕೆ ಹೋಗುವುದು ಹೇಗೆ?" ಅಂತ ಕೇಳುವವರು ಬಹಳ ಜನ ಇದ್ದಾರೆ. ನಾನು ಹೇಳುವುದು ಇದಕ್ಕೆ ಉಲ್ಟಾ. ಬೆಟ್ಟ, ಕೆರೆ ಎರಡನ್ನೂ ನಡೆದು ನೋಡಬೇಕು ಅಂದರೆ ಬಸ್ಸೇ ಸರಿ. ಕಾರಲ್ಲಿ ಹೋದವರು ಎಷ್ಟೇ ನಡೆದರೂ ಕಾರು ನಿಲ್ಲಿಸಿದ ಜಾಗಕ್ಕೇ ವಾಪಸ್ ಬರಬೇಕು. ಬಸ್ಸಲ್ಲಿ ಹೋದವರಿಗೆ ಆ ಕಟ್ಟು ಇಲ್ಲ. ಒಂದು ಊರಲ್ಲಿ ಇಳಿದು, ಬೆಟ್ಟ ಹತ್ತಿ, ಆ ಕಡೆ ಇಳಿದು, ಕೆರೆ ಏರಿ ಮೇಲೆ ನಡೆದು, ಇನ್ನೊಂದು ಊರಲ್ಲಿ ಬಸ್ ಹತ್ತಬಹುದು.

ನಮ್ಮ ಹಳೇ ಮೈಸೂರು ಸೀಮೆ, ತುಮಕೂರು, ಚಿತ್ರದುರ್ಗದ ಕಡೆ ಈ ಥರದ ನಡಿಗೆಗೆ ಹೇಳಿ ಮಾಡಿಸಿದ ಜಾಗಗಳಿವೆ. ಅದಕ್ಕೆ ಕಾರಣವೂ ಇದೆ. ಇಲ್ಲಿನ ಬೆಟ್ಟಗಳು ಬರೀ ಬಂಡೆ. ಮಳೆ ಬಿದ್ದರೆ ನೀರು ಇಂಗುವುದಿಲ್ಲ, ಜಾರಿ ಕೆಳಗೆ ಹೋಗುತ್ತದೆ. ಹಿಂದಿನವರು ಆ ನೀರನ್ನು ಬೆಟ್ಟದ ಬುಡದಲ್ಲೇ ಅಡ್ಡಗಟ್ಟಿ ಕೆರೆ ಮಾಡಿದರು. ಕೆರೆ ಇದ್ದಲ್ಲಿ ಗದ್ದೆ ಬಂತು, ಗದ್ದೆ ಇದ್ದಲ್ಲಿ ಊರು ಬಂತು, ಊರು ಇದ್ದಲ್ಲಿಗೆ ಕೆಂಪು ಬಸ್ ಬಂತು. ಹಾಗಾಗಿ ಬಸ್ ಹೋಗುವ ಜಾಗದಲ್ಲೇ ಬೆಟ್ಟವೂ ಕೆರೆಯೂ ಅಕ್ಕಪಕ್ಕ ಸಿಗುತ್ತವೆ.

ಹೋಗುವುದು ಹೇಗೆ ಅಂತ ಮೊದಲು ಹೇಳುತ್ತೇನೆ. ಆಮೇಲೆ ಎರಡು ದಾರಿಗಳನ್ನು ವಿವರವಾಗಿ ನೋಡೋಣ: ಪಾಂಡವಪುರದ ಕುಂತಿ ಬೆಟ್ಟ ಮತ್ತು ತೊಣ್ಣೂರು ಕೆರೆ, ಮತ್ತೆ ಚಿತ್ರದುರ್ಗದ ಕೋಟೆ ಬೆಟ್ಟ ಮತ್ತು ಚಂದ್ರವಳ್ಳಿ.

ಹಂತ 1: ಮೊದಲು ಊರು, ಆಮೇಲೆ ಬೆಟ್ಟ

ಫೋಟೋ ನೋಡಿ ಬೆಟ್ಟ ಆರಿಸಿ, ಆಮೇಲೆ ಬಸ್ ಹುಡುಕುವುದು ಎಲ್ಲರ ರೂಢಿ. ಬಸ್ ಚಾರಣಕ್ಕೆ ಅದನ್ನು ತಿರುಗಿಸಬೇಕು. ಮೊದಲು ಒಳ್ಳೆಯ ಬಸ್ ಸೌಕರ್ಯ ಇರುವ ಜಿಲ್ಲಾ ಕೇಂದ್ರ ಅಥವಾ ತಾಲ್ಲೂಕು ಕೇಂದ್ರ ಹಿಡಿಯಿರಿ. ಆ ಊರಿನ ಬಸ್ ನಿಲ್ದಾಣದಿಂದ ಐದು ಕಿಲೋಮೀಟರ್ ಒಳಗೆ ಯಾವ ಬೆಟ್ಟ ಇದೆ ಅಂತ ನಕ್ಷೆಯಲ್ಲಿ ನೋಡಿ. ಐದು ಕಿಲೋಮೀಟರ್ ಅಂದರೆ ಏನೂ ಸಿಗದಿದ್ದರೂ ಒಂದೂಕಾಲು ಗಂಟೆಯಲ್ಲಿ ನಡೆದು ನಿಲ್ದಾಣ ಸೇರಬಹುದಾದ ದೂರ. ಆ ಧೈರ್ಯ ಇದ್ದರೆ ದಿನವೆಲ್ಲಾ ನಿರಾಳ.

ಮಧುಗಿರಿ ಇದಕ್ಕೆ ಒಳ್ಳೆಯ ಉದಾಹರಣೆ. 1,193 ಮೀಟರ್ ಎತ್ತರದ ಏಕಶಿಲಾ ಬೆಟ್ಟ ಊರ ಮೇಲೇ ನಿಂತಿದೆ. ಬಸ್ ಇಳಿದು ನಡೆದೇ ಕೋಟೆ ಬಾಗಿಲಿಗೆ ಹೋಗಬಹುದು. ಕೋಲಾರದ ಅಂತರಗಂಗೆಯೂ ಹಾಗೇ, ಪೇಟೆಗೆ ಅಂಟಿಕೊಂಡಿದೆ. ಶಿವಗಂಗೆ ಸ್ವಲ್ಪ ಬೇರೆ. ತುಮಕೂರು ರಸ್ತೆಯ ಡಾಬಸ್‌ಪೇಟೆಯಲ್ಲಿ ಇಳಿದು, ಅಲ್ಲಿಂದ ಲೋಕಲ್ ಬಸ್ ಅಥವಾ ಆಟೋ ಹಿಡಿಯಬೇಕು. ಮೆಟ್ಟಿಲು, ಕಂಬಿ, ಮಜ್ಜಿಗೆ ಅಂಗಡಿ ಎಲ್ಲಾ ಇರುವುದರಿಂದ ಮೊದಲ ಸಲ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ಸಾವನದುರ್ಗಕ್ಕೆ ಮಾಗಡಿಯವರೆಗೆ ಬಸ್ಸುಗಳು ಬೇಕಾದಷ್ಟಿವೆ, ಅಲ್ಲಿಂದ ಮುಂದೆ ಕಡಿಮೆ. ಹೀಗೆ ಎರಡನೇ ಬಸ್ ಬೇಕಾಗುವ ಕಡೆ ಆ ಎರಡನೇ ಬಸ್ಸೇ ನಿಮ್ಮ ದಿನವನ್ನು ನಿರ್ಧರಿಸುತ್ತದೆ. ಅದನ್ನು ಮೊದಲು ವಿಚಾರಿಸಿ.

ಹಂತ 2: ಅನುಮತಿ ಬೇಕಾ ನೋಡಿ

ಎಲ್ಲ ಬೆಟ್ಟಕ್ಕೂ ಸುಮ್ನೆ ಹೋಗಿ ಹತ್ತುವ ಕಾಲ ಈಗಿಲ್ಲ. ಅರಣ್ಯ ಇಲಾಖೆ 2024ರಲ್ಲಿ 'ಅರಣ್ಯ ವಿಹಾರ' ಅನ್ನುವ ಜಾಲತಾಣ ಶುರು ಮಾಡಿತು. ಸ್ಕಂದಗಿರಿ, ಮಾಕಳಿದುರ್ಗದಂಥ ಅರಣ್ಯದೊಳಗಿನ ದಾರಿಗಳಿಗೆ ಮುಂಚೆಯೇ ಆನ್‌ಲೈನಲ್ಲಿ ಟಿಕೆಟ್ ಮಾಡಿಸಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿಯೂ ಇದೆ. ಶನಿವಾರ, ಭಾನುವಾರದ ಜಾಗ ಬೇಗ ತುಂಬುತ್ತದೆ. ಕಾರಲ್ಲಿ ಬಂದವರು ಬಾಗಿಲು ಮುಚ್ಚಿದ್ದರೆ ಪಕ್ಕದ ಬೆಟ್ಟಕ್ಕೆ ಹೋದಾರು. ಬಸ್ಸಲ್ಲಿ ಹೋದವರಿಗೆ ಅದು ಅಷ್ಟು ಸುಲಭ ಅಲ್ಲ, ಅದಕ್ಕೇ ಮನೆಯಲ್ಲೇ ನೋಡಿಕೊಂಡು ಹೊರಡಿ. ಬೇಸಿಗೆಯಲ್ಲಿ ಕಾಡಿನ ಬೆಂಕಿಯ ಭಯಕ್ಕೆ ಕೆಲವು ದಾರಿ ಮುಚ್ಚುತ್ತಾರೆ. ಕೇಂದ್ರ ಪುರಾತತ್ವ ಇಲಾಖೆಯ ಕೋಟೆಗಳಿಗೆ ಬಾಗಿಲಲ್ಲೇ ಟಿಕೆಟ್ ಸಿಗುತ್ತದೆ.

ಹಂತ 3: ವಾಪಸ್ ಬಸ್ಸಿನಿಂದ ಲೆಕ್ಕ ಶುರು ಮಾಡಿ

ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ. ಬೆಳಗ್ಗೆ ಎಷ್ಟಕ್ಕೆ ಹೊರಡುವುದು ಅಂತ ಯೋಚಿಸುವ ಮುಂಚೆ, ಸಂಜೆ ಯಾವ ಬಸ್ ಹತ್ತುವುದು ಅಂತ ತೀರ್ಮಾನ ಮಾಡಿ. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ.

ಹಳ್ಳಿ ಬಸ್ಸಿನ ವಿಷಯದಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಅದೇ ನೈಟ್ ಹಾಲ್ಟ್ ಬಸ್. ಉತ್ತರ ಕರ್ನಾಟಕದ ಕಡೆ ಇದನ್ನು ವಸತಿ ಬಸ್ ಅನ್ನುತ್ತಾರೆ. ರಾತ್ರಿ ಹಳ್ಳಿಗೆ ಬಂದು ಅಲ್ಲೇ ತಂಗಿ, ಬೆಳಗ್ಗೆ ಮೊದಲ ಟ್ರಿಪ್ ಹೊರಡುವ ಬಸ್ ಅದು. "ಈ ಊರಿಗೆ ರಾತ್ರಿ ಎಂಟಕ್ಕೂ ಬಸ್ ಇದೆ" ಅಂತ ಯಾರಾದರೂ ಹೇಳಿದರೆ ಖುಷಿಪಡಬೇಡಿ. ಅದು ಊರಿಗೆ ಬರುವ ಬಸ್, ಊರಿಂದ ಹೋಗುವ ಬಸ್ ಅಲ್ಲ. ವಾಪಸ್ ಹೋಗುವ ಕೊನೇ ಬಸ್ ಸಂಜೆ ಐದೂವರೆಗೋ ಆರಕ್ಕೋ ಮುಗಿದಿರಬಹುದು. ಅದಕ್ಕೆ "ಕೊನೇ ಬಸ್ ಎಷ್ಟಕ್ಕೆ?" ಅಂತ ಕೇಳಬೇಡಿ. "ಇಲ್ಲಿಂದ ಪೇಟೆಗೆ ಹೋಗೋ ಕೊನೇ ಬಸ್ ಎಷ್ಟಕ್ಕೆ? ಅದು ಇವತ್ತು ಬರುತ್ತಾ?" ಅಂತ ಎರಡನ್ನೂ ಕೇಳಿ. ಭಾನುವಾರ, ಹಬ್ಬದ ದಿನ ಶಾಲಾ ಮಕ್ಕಳು ಇಲ್ಲದ ಕಾರಣ ಕೆಲವು ಟ್ರಿಪ್ ಬರುವುದಿಲ್ಲ.

ಇನ್ನೊಂದು ಮಾತು. ಕೆಎಸ್‌ಆರ್‌ಟಿಸಿ ಆ್ಯಪ್‌ನಲ್ಲಿ ಕಾಣುವುದು ಮುಂಗಡ ಸೀಟು ಕಾಯ್ದಿರಿಸುವ ಬಸ್ಸುಗಳು. ಹಳ್ಳಿ ಕಡೆಯ ಸಾಮಾನ್ಯ ಬಸ್ಸುಗಳನ್ನು ಅದರಲ್ಲಿ ಹುಡುಕಿ ಪ್ರಯೋಜನ ಇಲ್ಲ. "ಆ್ಯಪಲ್ಲಿ ಇಲ್ಲ" ಅಂದ ಮಾತ್ರಕ್ಕೆ ಬಸ್ ಇಲ್ಲ ಅಂತ ಅಲ್ಲ.

ಈಗ ಹಿಂದಕ್ಕೆ ಎಣಿಸುವುದು ಹೇಗೆ ನೋಡೋಣ. ನಡಿಗೆಗೆ ಎಷ್ಟು ಹೊತ್ತು ಬೇಕು ಅಂತ ಅಂದಾಜು ಮಾಡಲು ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ಬಳಕೆಯಲ್ಲಿದೆ. ಸಮತಟ್ಟಾದ ನೆಲದಲ್ಲಿ ಐದು ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ ಮೂರು ಕಿಲೋಮೀಟರ್ ದಾರಿ, 300 ಮೀಟರ್ ಏರು ಇದ್ದರೆ ಒಂದು ಗಂಟೆ ಆರು ನಿಮಿಷ. ಆದರೆ ಅದು ತಣ್ಣನೆಯ ದೇಶದ ಗಟ್ಟಿಗರ ಲೆಕ್ಕ. ನಮ್ಮ ಬಿಸಿಲಿಗೆ, ಕಾದ ಬಂಡೆಗೆ, ಜೊತೆಯಲ್ಲಿ ಮಕ್ಕಳೋ ವಯಸ್ಸಾದವರೋ ಇದ್ದರೆ ಅದರ ಒಂದೂವರೆ ಪಟ್ಟು ಹಿಡಿಯಿರಿ. ಇಳಿಯಲು ಹತ್ತಿದ್ದಕ್ಕಿಂತ ಕಡಿಮೆ ಹೊತ್ತು ಸಾಕು ಅಂದುಕೊಳ್ಳಬೇಡಿ. ಕಡಿದಾದ ಬಂಡೆಯಲ್ಲಿ ಇಳಿಯುವುದೇ ನಿಧಾನ.

ಹೀಗೆ ಅಂದುಕೊಳ್ಳಿ. ಕೆರೆ ಹತ್ತಿರದ ಊರಿಂದ ಕೊನೇ ಬಸ್ ಐದೂವರೆಗೆ. ನೀವು ಹಿಡಿಯಬೇಕಾದ್ದು ಅದಲ್ಲ, ಅದರ ಹಿಂದಿನ ಬಸ್. ಅದು ನಾಲ್ಕಕ್ಕೆ ಇದ್ದರೆ ಮೂರೂವರೆಗೆ ನಿಲ್ದಾಣದಲ್ಲಿ ಇರಬೇಕು. ಕೆರೆ ಹತ್ತಿರ ಒಂದೂವರೆ ಗಂಟೆ ಅಂದರೆ ಎರಡಕ್ಕೆ ಕೆರೆ ಮುಟ್ಟಬೇಕು. ಬೆಟ್ಟದಿಂದ ಕೆರೆಗೆ ಎರಡು ಗಂಟೆ, ಅಂದರೆ ಹನ್ನೆರಡಕ್ಕೆ ಬೆಟ್ಟದ ಬುಡ. ಹತ್ತಿ, ಇಳಿದು, ತುದಿಯಲ್ಲಿ ಕೂತು ಊಟ ಮಾಡಲು ಮೂರೂವರೆ ಗಂಟೆ. ಎಂಟೂವರೆಗೆ ಹತ್ತಲು ಶುರು ಮಾಡಬೇಕು ಅಂತ ಲೆಕ್ಕ ಬಂತು. ಈ ಸಮಯಗಳನ್ನು ಚೀಟಿಯಲ್ಲಿ ಬರೆದು ಜೇಬಲ್ಲಿ ಇಟ್ಟುಕೊಳ್ಳಿ. ತುದಿಗೆ ಇನ್ನೂ ಸ್ವಲ್ಪ ಇದೆ, ಆದರೆ ವಾಪಸ್ ತಿರುಗುವ ಹೊತ್ತು ಆಯಿತು ಅಂದರೆ ತಿರುಗಿಬಿಡಿ.

ಹಂತ 4: ನಿಲ್ದಾಣದಲ್ಲಿ ಏನು ಕೇಳಬೇಕು

ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗದ ಕಡೆಗೆ ಮೆಜೆಸ್ಟಿಕ್, ಮಂಡ್ಯ, ಮೈಸೂರಿನ ಕಡೆಗೆ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣ. ಬೋರ್ಡಿನಲ್ಲಿ ಊರಿನ ಹೆಸರು ಓದಿದರೆ ಸಾಲದು, ಮಾರ್ಗವನ್ನೂ ಓದಿ. 'ತಡೆರಹಿತ' ಅಂತ ಇದ್ದರೆ ನಡುವಿನ ಊರಲ್ಲಿ ನಿಲ್ಲಿಸುವುದಿಲ್ಲ. ಡಾಬಸ್‌ಪೇಟೆಗೆ ಹೋಗುವವರು ತಡೆರಹಿತ ತುಮಕೂರು ಬಸ್ ಹತ್ತಿದರೆ ತುಮಕೂರಿಗೇ ಹೋಗಿ ಇಳಿಯಬೇಕಾದೀತು.

ಹತ್ತುವ ಮುಂಚೆ ಕಂಡಕ್ಟರನ್ನು ಕೇಳಬೇಕಾದ ಪ್ರಶ್ನೆ ಇದು: "ಸರ್, ಊರೊಳಗೆ ಹೋಗುತ್ತಾ, ಬೈಪಾಸಲ್ಲಿ ಇಳಿಸ್ತೀರಾ?" ದಾವಣಗೆರೆ, ಹುಬ್ಬಳ್ಳಿ ಕಡೆಗೆ ಹೋಗುವ ಎಷ್ಟೋ ಬಸ್ಸುಗಳು ಚಿತ್ರದುರ್ಗದ ಹೊರಗಿನಿಂದಲೇ ಹೋಗುತ್ತವೆ. ಮೈಸೂರಿನ ತಡೆರಹಿತ ಬಸ್ಸುಗಳಲ್ಲಿ ಹಲವು ಎಕ್ಸ್‌ಪ್ರೆಸ್ ಹೈವೇ ಹಿಡಿದು ಮಂಡ್ಯ, ಶ್ರೀರಂಗಪಟ್ಟಣದ ಒಳಗೆ ಬರುವುದೇ ಇಲ್ಲ. ಹೆದ್ದಾರಿ ಬದಿಯಲ್ಲಿ ಇಳಿದು ಊರಿಗೆ ನಡೆಯುವುದು ಚಾರಣ ಅಲ್ಲ, ಅಪಾಯ.

ಸಣ್ಣ ಊರಿನ ನಿಲ್ದಾಣದಲ್ಲಿ ಇಳಿದ ಕೂಡಲೇ ನೇರ ಬೆಟ್ಟಕ್ಕೆ ಓಡಬೇಡಿ. ವಿಚಾರಣೆ ಕಿಟಕಿಯಲ್ಲಿ ಇರುವ ಟಿಸಿ (ಬಸ್ಸುಗಳ ಓಡಾಟ ನೋಡಿಕೊಳ್ಳುವ ಟ್ರಾಫಿಕ್ ಕಂಟ್ರೋಲರ್) ಹತ್ತಿರ ಹೋಗಿ ಸಂಜೆಯ ಬಸ್ಸುಗಳ ಸಮಯ ಕೇಳಿ ಬರೆದುಕೊಳ್ಳಿ. ಅವರ ಹತ್ತಿರ ಇರುವ ಪಟ್ಟಿಗಿಂತ ನಂಬಿಕೆಯ ಮಾಹಿತಿ ಬೇರೆಲ್ಲೂ ಸಿಗದು. ಹಳ್ಳಿಯಲ್ಲಾದರೆ ನಿಲ್ದಾಣದ ಎದುರಿನ ಟೀ ಅಂಗಡಿಯವರು ಹೇಳುತ್ತಾರೆ. ಒಂದು ಟೀ ಕುಡಿದು ಕೇಳಿ, ಬಸ್ಸಿನ ಜೊತೆಗೆ ಬೆಟ್ಟದ ದಾರಿಯೂ ಗೊತ್ತಾಗುತ್ತದೆ.

ದುಡ್ಡಿನ ವಿಷಯ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಕರ್ನಾಟಕದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ತಗೊಳ್ಳಬೇಕು. ಟಿಕೆಟ್ ಕಳೆದುಕೊಳ್ಳಬೇಡಿ, ಚೆಕಿಂಗ್ ಬಂದರೆ ಅದೂ ಬೇಕು. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಇದು ಇಲ್ಲ. ಅಮ್ಮ, ಅಕ್ಕ, ಗೆಳತಿಯರು ಸೇರಿ ಬೆಟ್ಟ, ಕೆರೆ ಅಂತ ಓಡಾಡುವುದಕ್ಕೆ ಈ ಯೋಜನೆ ದೊಡ್ಡ ಬಾಗಿಲು ತೆರೆದಿದೆ ಅಂತ ನನಗೆ ಮನಸಾರೆ ಅನ್ನಿಸುತ್ತದೆ. ಉಳಿದವರು ಹತ್ತು, ಇಪ್ಪತ್ತರ ನೋಟು ಜಾಸ್ತಿ ಇಟ್ಟುಕೊಳ್ಳಿ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಕಂಡಕ್ಟರ್ ಹತ್ತಿರ ಚಿಲ್ಲರೆ ಇರುವುದಿಲ್ಲ.

ಹಂತ 5: ಬ್ಯಾಗಿನಲ್ಲಿ ಏನಿರಬೇಕು

ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಕೂರಲು ಆಗುವಷ್ಟು ಬ್ಯಾಗ್ ಸಾಕು. ಒಬ್ಬರಿಗೆ ಎರಡು ಲೀಟರ್ ನೀರು, ಬೇಸಿಗೆಯಾದರೆ ಮೂರು. ಬೆಟ್ಟದ ಮೇಲೆ ದೊಣೆಗಳಲ್ಲಿ, ಅಂದರೆ ಬಂಡೆಯ ಗುಳಿಗಳಲ್ಲಿ, ನೀರು ಕಾಣುತ್ತದೆ, ಆದರೆ ಕುಡಿಯಲು ಅದನ್ನು ನಂಬಬೇಡಿ. ಊಟಕ್ಕೆ ಪುಳಿಯೋಗರೆ ಅಥವಾ ಚಪಾತಿ ಪಲ್ಯ ಕಟ್ಟಿಕೊಳ್ಳಿ. ಹುಣಸೆಹುಳಿಯ ಅನ್ನ ಸಂಜೆವರೆಗೂ ಕೆಡುವುದಿಲ್ಲ. ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿದು ನಡೆದರೆ ಕೋತಿಗಳು ಬಿಡುವುದಿಲ್ಲ, ಎಲ್ಲವೂ ಬ್ಯಾಗಿನೊಳಗೆ ಇರಲಿ. ಟೋಪಿ, ಸಣ್ಣ ಟಾರ್ಚ್, ಮೊಬೈಲ್ ಚಾರ್ಜ್ ಮಾಡುವ ಪವರ್ ಬ್ಯಾಂಕ್, ಉಪ್ಪು ಸಕ್ಕರೆ ಬೆರೆಸಿದ ಒಂದು ಬಾಟಲಿ. ಆ ತಾಲ್ಲೂಕಿನ ನಕ್ಷೆಯನ್ನು ಇಂಟರ್‌ನೆಟ್ ಇಲ್ಲದಾಗಲೂ ತೆರೆಯುವಂತೆ ಮೊಬೈಲಿಗೆ ಇಳಿಸಿಕೊಳ್ಳಿ. ಯಾವ ಬೆಟ್ಟ, ಯಾವ ಬಸ್ಸಿಗೆ ವಾಪಸ್ ಅಂತ ಮನೆಯವರಿಗೆ ಮೆಸೇಜ್ ಹಾಕಿ.

ಚಪ್ಪಲಿ ಬೇಡ. ರಬ್ಬರ್ ಅಡಿಯ, ಸವೆಯದ ಶೂ ಬೇಕು.

ಹಂತ 6: ಬಂಡೆ ಮೇಲೆ ನಡೆಯುವುದು

ಮಲೆನಾಡಿನ ಹುಲ್ಲು ಬೆಟ್ಟದಲ್ಲಿ ನಡೆದು ರೂಢಿ ಇರುವವರಿಗೂ ಬಯಲುಸೀಮೆಯ ಬಂಡೆ ಬೇರೆಯೇ. ಒಣಗಿದ ಬಂಡೆ ಪಾದವನ್ನು ಚೆನ್ನಾಗಿ ಹಿಡಿಯುತ್ತದೆ. ಜಾರಿಸುವುದು ಎರಡೇ. ಒಂದು, ಬಂಡೆ ಮೇಲೆ ಉದುರಿದ ಸಣ್ಣ ಮರಳು. ಇನ್ನೊಂದು, ಮಳೆ ನೀರು ಹರಿದ ಕಡೆ ಕಾಣುವ ಕಪ್ಪು ಗೆರೆಗಳು. ಒಣಗಿದ್ದಾಗ ಅವು ಬರೀ ಕಪ್ಪು ಬಣ್ಣ, ಒದ್ದೆಯಾದರೆ ಪಾಚಿ. ಹನಿ ಬಿದ್ದರೆ ಆ ಗೆರೆ ಮೇಲೆ ಕಾಲಿಡಬೇಡಿ. ಪಾದವನ್ನು ಪೂರ್ತಿ ಊರಿ ಹತ್ತಿ. ಇಳಿಯುವಾಗ ಸ್ವಲ್ಪ ಅಡ್ಡ ತಿರುಗಿ, ಮಂಡಿ ಬಗ್ಗಿಸಿ ಇಳಿಯಿರಿ. ಭಯ ಆದರೆ ಕೂತು ಜರುಗುವುದರಲ್ಲಿ ನಾಚಿಕೆ ಏನಿಲ್ಲ.

ಗುಡುಗು ಕೇಳಿದರೆ ಬೋಳು ಬಂಡೆ ಮೇಲೆ ನಿಲ್ಲದೆ ಕೆಳಗಿಳಿಯಿರಿ. ಬಂಡೆಯ ಸೂರಿನಲ್ಲಿ ಹೆಜ್ಜೇನು ಗೂಡು ಕಂಡರೆ ಮಾತು ನಿಲ್ಲಿಸಿ, ದೂರದಿಂದ ಹೋಗಿ. ಸೆಂಟ್ ಹಾಕಿಕೊಂಡು ಬರುವುದು, ಹೊಗೆ ಎಬ್ಬಿಸುವುದು, ಕಲ್ಲು ಎಸೆಯುವುದು ಬೇಡವೇ ಬೇಡ. ಇಂಥ ಬೆಟ್ಟಗಳಲ್ಲಿ ಚಿರತೆ, ಕರಡಿ ಓಡಾಡುತ್ತವೆ. ಮುಸ್ಸಂಜೆಯ ಮುಂಚೆ ಕೆಳಗೆ ಇರಬೇಕು ಅನ್ನುವುದು ಬಸ್ಸಿಗಾಗಿ ಮಾತ್ರ ಅಲ್ಲ.

ಮೊದಲ ದಾರಿ: ಕುಂತಿ ಬೆಟ್ಟದಿಂದ ತೊಣ್ಣೂರು ಕೆರೆಗೆ

ಮೈಸೂರಿನವರಿಗೆ ಇದು ಅರ್ಧ ದಿನದ ದೂರ, ಬೆಂಗಳೂರಿನವರಿಗೆ ಪೂರ್ತಿ ಒಂದು ದಿನ. ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣದಿಂದ ಪಾಂಡವಪುರಕ್ಕೆ ಬಸ್ ಸಿಗುತ್ತದೆ. ಬೆಂಗಳೂರಿನಿಂದ ಬರುವವರು ಮಂಡ್ಯ ಅಥವಾ ಶ್ರೀರಂಗಪಟ್ಟಣದಲ್ಲಿ ಇಳಿದು ಬಸ್ ಬದಲಿಸಬಹುದು. ಪಾಂಡವಪುರಕ್ಕೆ ರೈಲು ನಿಲ್ದಾಣವೂ ಇದೆ, ಆದರೆ ಅದು ಊರಿಂದ ಸ್ವಲ್ಪ ದೂರ.

ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಅಂತಲೂ ಹೆಸರಿತ್ತು. ಹೈದರ್, ಟಿಪ್ಪು ಕಾಲದಲ್ಲಿ ಅವರ ಜೊತೆಗಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡು ಬಿಟ್ಟಿದ್ದರು. ಪಾಂಡವರು ವನವಾಸದಲ್ಲಿ ತಾಯಿ ಕುಂತಿಯ ಜೊತೆ ಇಲ್ಲಿದ್ದರು ಅನ್ನುವುದು ಜನರ ನಂಬಿಕೆ. ಬೆಟ್ಟಕ್ಕೂ ಊರಿಗೂ ಹೆಸರು ಬಂದದ್ದು ಅದರಿಂದ.

ಬೆಟ್ಟದ ಬುಡಕ್ಕೆ ನಿಲ್ದಾಣದಿಂದ ನಡೆದೇ ಹೋಗಬಹುದು. ಬುಡದಲ್ಲಿ ಗುಡಿ, ಕೊಳ ಇವೆ. ಅಲ್ಲಿಂದ ದಾರಿ ಶುರು. ಮೊದಲು ಮೆಟ್ಟಿಲು, ಆಮೇಲೆ ಪೊದೆ, ಆಮೇಲೆ ಬಂಡೆಗಳ ಸಂದಿ. ದಾರಿ ಕವಲೊಡೆದ ಕಡೆ ಹೆಚ್ಚು ಸವೆದ ಬಂಡೆಯನ್ನು ನೋಡಿ ಹೋಗಿ. ಎತ್ತರ ಜಾಸ್ತಿ ಇಲ್ಲದಿದ್ದರೂ ಕೊನೆಯ ಭಾಗದಲ್ಲಿ ಕೈ ಊರಿ ಹತ್ತಬೇಕಾಗುತ್ತದೆ. ತುದಿಯಿಂದ ಕಾಣುವುದು ಪೂರ್ತಿ ಹಸಿರು. ಕೃಷ್ಣರಾಜಸಾಗರದ ವಿಶ್ವೇಶ್ವರಯ್ಯ ನಾಲೆಯ ನೀರು ಬರುವ ಸೀಮೆ ಇದು. ಭತ್ತ, ಕಬ್ಬು, ತೆಂಗಿನ ನಡುವೆ ಉತ್ತರಕ್ಕೆ ನೋಡಿದರೆ ಗುಡ್ಡಗಳ ಸಂದಿಯಲ್ಲಿ ತೊಣ್ಣೂರು ಕೆರೆ ಹೊಳೆಯುತ್ತದೆ. ನೀವು ಹೋಗಬೇಕಾದ ಜಾಗ ಅದೇ. ದಾರಿಯನ್ನು ಮೇಲಿಂದಲೇ ಕಣ್ಣಲ್ಲಿ ಗುರುತು ಹಾಕಿಕೊಳ್ಳಿ.

ಇಳಿದ ಮೇಲೆ ಕೆರೆ ಇರುವ ಊರಿಗೆ, ಅಂದರೆ ಕೆರೆ ತೊಣ್ಣೂರಿಗೆ, ಎರಡು ಗಂಟೆಯ ಆಸುಪಾಸಿನ ನಡಿಗೆ. ಚಳಿಗಾಲದಲ್ಲಿ ನಡೆಯಿರಿ. ದಾರಿಯಲ್ಲಿ ಆಲೆಮನೆ ಕಂಡರೆ ನಿಲ್ಲಿ, ಬಿಸಿ ಬೆಲ್ಲದ ರುಚಿ ನೋಡಿ. ಮಾರ್ಚ್‌ನಿಂದ ಮೇವರೆಗೆ ಡಾಂಬರು ರಸ್ತೆಯಲ್ಲಿ ಮಧ್ಯಾಹ್ನ ನಡೆಯುವುದು ಬೇಡ, ಪಾಂಡವಪುರಕ್ಕೆ ವಾಪಸ್ ಬಂದು ಬಸ್ಸೋ ಆಟೋನೋ ಹಿಡಿಯಿರಿ.

ತೊಣ್ಣೂರು ಹೊಯ್ಸಳರ ಕಾಲದ ದೊಡ್ಡ ಊರು. ಆಗ ತೊಂಡನೂರು. ರಾಮಾನುಜಾಚಾರ್ಯರು ಇಲ್ಲಿ ಇದ್ದರು ಅನ್ನುವ ಪರಂಪರೆ ಇದೆ. ನಂಬಿ ನಾರಾಯಣನ ದೇವಸ್ಥಾನ ನೋಡಿಯೇ ಕೆರೆಗೆ ಹೋಗಿ. ಎರಡು ಕಲ್ಲುಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದ ನೀರು ಅದು. ಮೋತಿ ತಲಾಬ್ ಅಂತಲೂ ಕರೆಯುತ್ತಾರೆ. ಏರಿ ಮೇಲೆ ನಿಧಾನವಾಗಿ ನಡೆದು ತೂಬು (ಗದ್ದೆಗೆ ನೀರು ಬಿಡುವ ಕಿಂಡಿ) ಎಲ್ಲಿದೆ, ಕೋಡಿ (ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಗೆ ಹೋಗುವ ಜಾಗ) ಎಲ್ಲಿದೆ, ನೀರು ಯಾವ ಗದ್ದೆಗೆ ಹೋಗುತ್ತದೆ ಅಂತ ನೋಡಿ. ಬರೀ ಫೋಟೋ ತೆಗೆದು ಹೊರಟರೆ ಕೆರೆಯ ಅರ್ಧ ಕಥೆ ಗೊತ್ತಾಗುವುದಿಲ್ಲ.

ನೀರಿಗೆ ಮಾತ್ರ ಇಳಿಯಬೇಡಿ. ತಿಳಿಯಾದ ನೀರು ಆಳವನ್ನು ಮರೆಮಾಚುತ್ತದೆ. ಬಂಡೆ ಥಟ್ಟನೆ ಕೆಳಗೆ ಇಳಿಯುತ್ತದೆ, ಕೆಸರು ಕಾಲನ್ನು ಹಿಡಿಯುತ್ತದೆ. ಈಜು ಬಲ್ಲವರೇ ಇಂಥ ಕೆರೆಗಳಲ್ಲಿ ಜೀವ ಕಳೆದುಕೊಂಡಿದ್ದಾರೆ. ಗೆಳೆಯರ ಗುಂಪು ಎಷ್ಟೇ ಒತ್ತಾಯ ಮಾಡಿದರೂ ಬೇಡ ಅನ್ನಿ.

ಎರಡನೇ ದಾರಿ: ಚಿತ್ರದುರ್ಗ, ನೀರಿನ ಜಾಡು ಹಿಡಿದು

ನನಗೆ ಎಲ್ಲಕ್ಕಿಂತ ಇಷ್ಟವಾದ ಬಸ್ ಚಾರಣ ಇದು. ಬೆಟ್ಟ, ಹೊಂಡ, ಕೆರೆ, ಕೋಟೆ ಎಲ್ಲವೂ ಬಸ್ ನಿಲ್ದಾಣದಿಂದ ನಡೆಯುವ ದೂರದಲ್ಲಿವೆ. ವಾಪಸ್ ಬಸ್ಸಿನ ಚಿಂತೆಯೂ ಕಡಿಮೆ. ಬೆಂಗಳೂರು ಮತ್ತು ಹುಬ್ಬಳ್ಳಿ ನಡುವಿನ ಹೆದ್ದಾರಿಯ ಊರು, ರಾತ್ರಿಯೂ ಬಸ್ಸುಗಳು ಇರುತ್ತವೆ.

ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್, ನಾಲ್ಕು ಗಂಟೆ ಚಿಲ್ಲರೆ ದಾರಿ. ಬೆಳಗ್ಗೆ ಹೊರಟು ಅದೇ ದಿನ ವಾಪಸ್ ಬರಬಹುದು. ಆದರೆ ಹಾಗೆ ಮಾಡಬೇಡಿ ಅನ್ನುತ್ತೇನೆ. ನೀವು ತಲುಪುವ ಹೊತ್ತಿಗೆ ಬಂಡೆ ಕಾದಿರುತ್ತದೆ. ಶನಿವಾರ ಬೆಳಗ್ಗೆ ಹೊರಟು ಮಧ್ಯಾಹ್ನ ತಲುಪಿ, ನಿಲ್ದಾಣದ ಹತ್ತಿರ ಲಾಡ್ಜ್ ಮಾಡಿ, ಸಂಜೆಗೆ ಚಂದ್ರವಳ್ಳಿ ನೋಡಿ. ಭಾನುವಾರ ಬೆಳಗ್ಗೆ ಕೋಟೆ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ.

ಚಂದ್ರವಳ್ಳಿ ಊರ ಅಂಚಿನಲ್ಲೇ ಇದೆ. ಚೋಳಗುಡ್ಡ, ಕಿರುಬನಕಲ್ಲು ಮತ್ತು ಕೋಟೆಯ ಬೆಟ್ಟಗಳ ನಡುವಿನ ತಗ್ಗಿನಲ್ಲಿ ಕೆರೆ. ಇಲ್ಲಿನ ಭೈರವೇಶ್ವರ ಗುಡಿಯ ಹತ್ತಿರದ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ, ಪ್ರಾಕೃತ ಭಾಷೆಯದ್ದು. ಅವನು ಪಲ್ಲವರು, ಆಭೀರರು ಮೊದಲಾದವರನ್ನು ಗೆದ್ದ ಮಾತಿನ ಜೊತೆಗೆ ಈ ಕೆರೆ ಕಟ್ಟಿಸಿದ ಮಾತೂ ಅದರಲ್ಲಿದೆ. ಯುದ್ಧ ಗೆದ್ದ ರಾಜ ಕೆರೆಯ ವಿಷಯವನ್ನೂ ಬಂಡೆಗೆ ಬರೆಸಿದ ಅನ್ನುವುದು ಎಷ್ಟು ದೊಡ್ಡ ಮಾತು, ಅಲ್ವಾ? ಇಲ್ಲಿ ಅಗೆದಾಗ ಶಾತವಾಹನರ ನಾಣ್ಯಗಳ ಜೊತೆ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಕೂಡ ಇಲ್ಲಿ ಉತ್ಖನನ ಮಾಡಿಸಿದ್ದರು.

ಕೆರೆ ಬದಿಯಿಂದ ಮೇಲಕ್ಕೆ ಅಂಕಲಿ ಮಠದ ನೆಲಮಾಳಿಗೆ ಗುಹೆಗಳಿವೆ. ಒಳಗೆ ಕಗ್ಗತ್ತಲು, ಒಂದು ಕೋಣೆಯಿಂದ ಇನ್ನೊಂದಕ್ಕೆ ಇಳಿಯುವ ಕಿರಿದಾದ ದಾರಿ. ಟಾರ್ಚ್ ಇದ್ದರೂ ಗೊತ್ತಿರುವವರ ಜೊತೆಯೇ ಹೋಗಿ. ಕತ್ತಲಾಗುವ ಮುಂಚೆ ಪೇಟೆಗೆ ವಾಪಸ್ ಬನ್ನಿ. ಈ ಸೀಮೆಯ ಮಂಡಕ್ಕಿ ಮೆಣಸಿನಕಾಯಿ ತಿಂದು ಬೇಗ ಮಲಗಿ.

ಮರುದಿನ ಕೋಟೆ. ಪೇಟೆಯ ಒಳಗಿಂದ ನಡೆದು ಹೋದರೆ ರಂಗಯ್ಯನ ಬಾಗಿಲು ಸಿಗುತ್ತದೆ, ಸರ್ಕಾರಿ ವಸ್ತುಸಂಗ್ರಹಾಲಯ ಇರುವುದು ಅಲ್ಲೇ. ಅಲ್ಲಿಂದ ಮುಂದೆ ಏಳು ಸುತ್ತಿನ ಕೋಟೆಯ ಟಿಕೆಟ್ ಕೊಡುವ ಬಾಗಿಲು. ಒಳಗೆ ಹೋದ ಮೇಲೆ ಮದ್ದು ಬೀಸುವ ಕಲ್ಲುಗಳು, ಎಣ್ಣೆ ಕೊಳ, ಏಕನಾಥೇಶ್ವರಿ, ಹಿಡಿಂಬೇಶ್ವರ ಗುಡಿಗಳು ಒಂದಾದ ಮೇಲೆ ಒಂದು ಬರುತ್ತವೆ. ಬಹಳ ಜನ ಇವನ್ನು ನೋಡಿ, ಓಬವ್ವನ ಕಿಂಡಿಗೆ ಹೋಗಿ, ವಾಪಸ್ ಬಂದುಬಿಡುತ್ತಾರೆ.

ನೀವು ಹೀಗೆ ಮಾಡಿ. ಬಿಸಿಲು ಏರುವ ಮೊದಲೇ ನೇರವಾಗಿ ಮೇಲಿನ ಗೋಪಾಲಸ್ವಾಮಿ ಹೊಂಡಕ್ಕೆ ಹೋಗಿ. ಸುತ್ತಲಿನ ಬಂಡೆಗಳ ಮೇಲೆ ಬಿದ್ದ ಮಳೆ ನೀರು ಅಲ್ಲಿಗೆ ಬಂದು ಸೇರುತ್ತದೆ. ಅದು ತುಂಬಿದರೆ ಹೆಚ್ಚಾದ ನೀರು ಕೆಳಗಿನ ಅಕ್ಕ ತಂಗಿ ಹೊಂಡಕ್ಕೆ ಹೋಗುತ್ತದೆ. ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಪೇಟೆಯ ಸಂತೆ ಹೊಂಡ. ಒಂದು ತುಂಬಿದ ಮೇಲೆ ಇನ್ನೊಂದು. ಬಯಲುಸೀಮೆಯ ಈ ಊರಿಗೆ ಮುತ್ತಿಗೆ ಬಿದ್ದಾಗಲೂ ಕೋಟೆಯೊಳಗೆ ನೀರಿಗೆ ಬರ ಬಾರದಂತೆ ಮಾಡಿದ ಏರ್ಪಾಟು ಇದು. ಮೇಲಿನಿಂದ ಶುರು ಮಾಡಿ ಆ ನೀರು ಹೋದ ಕಡೆಗೇ ಇಳಿದು ಬಂದರೆ ಚಿತ್ರದುರ್ಗ ಪೂರ್ತಿ ಬೇರೆ ಥರ ಅರ್ಥವಾಗುತ್ತದೆ. ಮಳೆಗಾಲ ಮುಗಿದ ಹೊಸದರಲ್ಲಿ, ಅಕ್ಟೋಬರ್, ನವೆಂಬರಿನಲ್ಲಿ ಹೋದರೆ ಹೊಂಡಗಳಲ್ಲಿ ನೀರು ನೋಡುವ ಅವಕಾಶ ಜಾಸ್ತಿ.

ದಾರಿಯಲ್ಲಿ ಅರಮನೆಯ ಮಣ್ಣಿನ ಗೋಡೆಗಳು ಸಿಗುತ್ತವೆ. ಓಬವ್ವನ ಕಿಂಡಿಯ ಹತ್ತಿರ ತಣ್ಣೀರು ದೋಣಿ ಅನ್ನುವ ನೀರಿನ ಸಣ್ಣ ಕೊಳ ಇದೆ. ಗಂಡ ಊಟಕ್ಕೆ ಕೂತಾಗ ನೀರು ತರಲು ಹೋದ ಓಬವ್ವ, ಕಿಂಡಿಯಲ್ಲಿ ಹೈದರನ ಸೈನಿಕರು ನುಸುಳುವುದನ್ನು ಕಂಡು ಒನಕೆ ಹಿಡಿದು ನಿಂತಳು ಅನ್ನುವ ಕಥೆ ನಮಗೆಲ್ಲಾ ಗೊತ್ತು. ದೋಣಿಗೂ ಕಿಂಡಿಗೂ ಎಷ್ಟು ಹತ್ತಿರ ಅಂತ ಕಣ್ಣಾರೆ ನೋಡಿದರೆ ಆ ಕಥೆ ಕಣ್ಣೆದುರೇ ನಡೆದಂತೆ ಆಗುತ್ತದೆ. ಮದಕರಿ ನಾಯಕನ ಕೋಟೆ ಹೈದರಾಲಿಯ ಕೈಗೆ ಬಿದ್ದದ್ದು 1779ರಲ್ಲಿ.

ತುಪ್ಪದ ಕೊಳದ ಬತೇರಿಗೆ (ಕಾವಲು ಬುರುಜಿಗೆ) ಬಂಡೆಯಲ್ಲಿ ಕೊರೆದ ಸಣ್ಣ ಸಣ್ಣ ಹೆಜ್ಜೆಗುಳಿಗಳಲ್ಲಿ ಕಾಲಿಟ್ಟು ಹತ್ತಬೇಕು. ಒದ್ದೆ ಇದ್ದರೆ, ತಲೆ ಸುತ್ತುವವರಾಗಿದ್ದರೆ ಬಿಟ್ಟುಬಿಡಿ. ಹತ್ತಲು ಆದವರಿಗೆ ಪೂರ್ತಿ ಕೋಟೆ ಒಂದೇ ನೋಟದಲ್ಲಿ ಸಿಗುತ್ತದೆ. ನಾಲ್ಕರಿಂದ ಐದು ಗಂಟೆ ಕೋಟೆಗೆ ಇಟ್ಟುಕೊಳ್ಳಿ. ಜೋಗಿಮಟ್ಟಿಯ ಆಸೆ ಆಗಬಹುದು. ಅದು ಅರಣ್ಯ ಇಲಾಖೆಯ ಜಾಗ, ಊರಿಂದ ದೂರ, ಬಸ್ ನಂಬಿ ಹೋಗುವಂಥದ್ದಲ್ಲ.

ಹನ್ನೆರಡರೊಳಗೆ ಕೋಟೆ ಮುಗಿದರೆ ವಾಪಸ್ ಬರುವಾಗ ಹಿರಿಯೂರಿನಲ್ಲಿ ಇಳಿದು ವಾಣಿ ವಿಲಾಸ ಸಾಗರ ನೋಡಬಹುದು. ಊರಿನವರ ಬಾಯಲ್ಲಿ ಮಾರಿ ಕಣಿವೆ. ವೇದಾವತಿ ನದಿಗೆ ಎರಡು ಗುಡ್ಡಗಳ ನಡುವೆ ಕಟ್ಟಿದ ಈ ಅಣೆಕಟ್ಟು 1907ರದ್ದು. 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹಿರಿಯೂರಿನಿಂದ ವಾಣಿವಿಲಾಸಪುರದ ಕಡೆಗೆ ಬಸ್ ಇದೆ. ಆದರೆ ಹತ್ತುವ ಮುಂಚೆ ಹಂತ 3ರ ಪ್ರಶ್ನೆಗಳನ್ನು ಹಿರಿಯೂರು ನಿಲ್ದಾಣದಲ್ಲೇ ಕೇಳಿ.

ಬಸ್ ತಪ್ಪಿಹೋದರೆ

ಗಾಬರಿ ಆಗಬೇಡಿ. ಕತ್ತಲಲ್ಲಿ ಹೆದ್ದಾರಿ ಕಡೆಗೆ ನಡೆಯಲು ಶುರು ಮಾಡಬೇಡಿ. ಜನ ಇರುವ ಜಾಗಕ್ಕೆ, ಅಂದರೆ ಅಂಗಡಿ, ಹಾಲಿನ ಡೇರಿ ಅಥವಾ ದೇವಸ್ಥಾನದ ಹತ್ತಿರ ಹೋಗಿ. ಸಂಜೆ ಡೇರಿಗೆ ಹಾಲು ಹಾಕಲು ಊರಿನವರು ಬಂದೇ ಬರುತ್ತಾರೆ. "ಯಜಮಾನ್ರೇ, ಪೇಟೆಗೆ ಹೋಗೋ ಆಟೋ ಯಾವುದಾದ್ರೂ ಸಿಗುತ್ತಾ?" ಅಂತ ಕೇಳಿದರೆ ಊರಿನ ಆಟೋದವರಿಗೆ ಫೋನ್ ಮಾಡಿ ಕೊಡುತ್ತಾರೆ. ಹತ್ತುವ ಮುಂಚೆ ಬಾಡಿಗೆ ಮಾತಾಡಿ, ಗಾಡಿ ನಂಬರನ್ನು ಮನೆಗೆ ಕಳಿಸಿ. ಆ ಬಾಡಿಗೆಗೆ ಅಂತ ಒಂದು 500ರ ನೋಟನ್ನು ಹೊರಡುವಾಗಲೇ ಬ್ಯಾಗಿನ ಒಳಜೇಬಿನಲ್ಲಿ ಬೇರೆ ಇಟ್ಟಿರಬೇಕು. ಪೆಟ್ಟಾದರೆ, ದಾರಿ ತಪ್ಪಿದರೆ, ಭಯ ಅನ್ನಿಸಿದರೆ 112ಕ್ಕೆ ಕರೆ ಮಾಡಿ, ಹತ್ತಿರದ ಬಸ್ ನಿಲ್ದಾಣದ ಹೆಸರನ್ನು ಮೊದಲು ಹೇಳಿ.